ದೂರದರ್ಶನದ ಪೆಟ್ಟಿಗೆಯೂ ಸರಕಾರದ ಕಟ್ಟಳೆಯೂ

ಬೆಳಗಾವಿ ಜಿಲ್ಹೆಯ ಉತ್ತರದ ಅಂಚಿನಲ್ಲಿ, ಕೃಷ್ಣೆಯ ಬಯಲಿನಲ್ಲಿರುವ ಐನಾಪುರವು ಮೊದಲು ಅಥಣಿ ತಾಲೂಕಿಗೆ ಸೇರಿದ ಊರು. ಕಾಗವಾಡವು ಪ್ರತ್ಯೇಕ ತಾಲೂಕಾದಂದಿನಿಂದ ಅದರೊಳಗೆ ಎಣಿಸಲ್ಪಡುತ್ತದೆ. ಮೀರಜ-ಸಾಂಗ್ಲಿಗಳ ಪೇಟೆ ಈ ಭಾಗಕ್ಕೆ ಸಮೀಪ. ಜಿಲ್ಹೆಯ ಮುಖ್ಯ ಪಟ್ಟಣವಾದ ಬೆಳಗಾವಿ ಅದಕ್ಕಿಂತ ದೂರ. ರಾಜಧಾನಿಯಾದ ಬೆಂಗಳೂರಿಗೆ ಹೋಗುವದೆಂದರೆ ಒಂದು ರಾತ್ರಿಯ ಪ್ರಯಾಣ. ಮನೆಯೊಳಗೆ ಒಂದು ನುಡಿ, ಪೇಟೆಯಲ್ಲಿ ಎರಡು ನುಡಿ ಎಂಬ ರೂಢಿಯು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನಕ್ಕೆ ಹುಟ್ಟಿನಿಂದ ಬಂದದ್ದು. ಇದನ್ನು ಎಲ್ಲರೂ ಬಲ್ಲರು. ಆದರೆ ನೆಲದ ಮೇಲಿನ ಹದ್ದಿನಂತೆ ಆಕಾಶಕ್ಕೂ ಒಂದು ಹದ್ದು ಇರುವದೆಂಬದನ್ನೂ, ಪಡಸಾಲೆಯಲ್ಲಿಟ್ಟ ಪೆಟ್ಟಿಗೆಯು ಯಾವ ತರಂಗವನ್ನು ಹಿಡಿಯಬೇಕು, ಯಾವದನ್ನು ಬಿಡಬೇಕು ಎಂಬದು ಅದರ ಒಡೆಯನ ಇಚ್ಛೆಗಿಂತ ಸರಕಾರದ ಅಳತೆಪಟ್ಟಿಯಿಂದಲೇ ಬಹುಮಟ್ಟಿಗೆ ಗೊತ್ತಾಗುವದೆಂಬದನ್ನೂ ವಿಚಾರಿಸಿದವರು ಕಡಿಮೆ. ಗಡಿನಾಡಿನಲ್ಲಿ ಆ ಅಳತೆಪಟ್ಟಿಯ ಚರಿತ್ರೆಯೊಡನೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಸಂಜೆಯ ಹೊತ್ತು ಮನೆಯಲ್ಲಿ ಕೇಳಿಬರತಕ್ಕ ನುಡಿ ಯಾವದು? ಅಳತೆಯು ಬದಲಾದಾಗ ಅದರ ವೆಚ್ಚವನ್ನು ತೆರತಕ್ಕವರು ಯಾರು?

ಸರಕಾರವು ಗ್ರಾಹಕ ಯಂತ್ರವನ್ನು ಮೊದಲು ಕಂಡದ್ದು ಸಂಶಯದ ಕಣ್ಣಿನಿಂದ. ೧೮೮೫ರ ತಂತಿ ಕಾಯದೆಯು ಸುದ್ದಿ ಸಾಗಿಸುವ ಹಕ್ಕನ್ನೆಲ್ಲ ಸರಕಾರದ ಕೈಯಲ್ಲಿಟ್ಟಿತ್ತು. ೧೯೨೭ನೆಯ ಜುಲೈ ೨೩ರಂದು ಮುಂಬಯಿಯಲ್ಲಿಯೂ, ಆಗಸ್ಟ ೨೬ರಂದು ಕಲಕತ್ತೆಯಲ್ಲಿಯೂ ಖಾಸಗಿ ಕಂಪನಿಯೊಂದು ಬಾನುಲಿಯನ್ನು ಆರಂಭಿಸಿದಾಗ, ಕೇಳುವವನು ವರ್ಷಕ್ಕೆ ೧೦ ರೂಪಾಯಿ ತೆತ್ತು ಲಾಯಸೆನ್ಸು ಪಡೆಯಬೇಕೆಂದೂ ಅದರಲ್ಲಿಯ ದೊಡ್ಡ ಪಾಲು ಕಂಪನಿಗೆ ಸಲ್ಲಬೇಕೆಂದೂ ಏರ್ಪಟ್ಟಿತು. ಗಾಳಿಯಲ್ಲಿ ಬರುವ ಹಾಡಿಗೆ ಹಣ ಕೊಡುವ ಅಭ್ಯಾಸವು ಜನರಿಗೆ ಇರಲಿಲ್ಲ. ಇದ್ದ ಯಂತ್ರಗಳ ಸಂಖ್ಯೆಯೂ ಅಲ್ಪ. ಕಂಪನಿಯು ೧೯೩೦ರಲ್ಲಿ ಮುಳುಗಿತು. ಸರಕಾರವು ಅದರ ಕೆಲಸವನ್ನು ವಹಿಸಿಕೊಂಡಿತು. ಆ ಬಳಿಕ ಬಂದದ್ದೇ ೧೯೩೩ರ ನಿಸ್ತಂತು ಕಾಯದೆ. ಅದರ ತಿರುಳು ಸರಳವಾಗಿದ್ದಿತು: ನಿಸ್ತಂತು ಯಂತ್ರದಿಂದ ಸುದ್ದಿಯನ್ನು ಕಳಿಸುವದಂತೂ ಸರಿಯೇ, ಆ ಯಂತ್ರವನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವದೂ ಅಪರಾಧ. ಮೊದಲ ಸಲಕ್ಕೆ ೧೦೦ ರೂಪಾಯಿಯವರೆಗೆ, ಮರುಸಲಕ್ಕೆ ೨೫೦ ರೂಪಾಯಿಯವರೆಗೆ ದಂಡ. ಅಂದಿನ ಕಾಲದಲ್ಲಿ ಇದು ಸಣ್ಣ ಮೊತ್ತವಲ್ಲ.

ಕಾಯದೆಯು ಬ್ರಿಟಿಷ ಆಳಿಕೆಗೆ ಒಳಪಟ್ಟ ಸೀಮೆಗೆ ಮಾತ್ರ ಅನ್ವಯಿಸುತ್ತಿದ್ದಿತೆಂಬದನ್ನು ಇಲ್ಲಿ ನೆನೆಯಬೇಕು. ಅಥಣಿ, ಚಿಕ್ಕೋಡಿ ತಾಲೂಕುಗಳು ಮುಂಬಯಿ ಇಲಾಖೆಯವು. ಅವುಗಳ ನಡುನಡುವೆಯೂ ಸುತ್ತಮುತ್ತಲೂ ಮೀರಜ, ಸಾಂಗ್ಲಿ, ಕುರುಂದವಾಡ ಮೊದಲಾದ ಪಟವರ್ಧನ ಮನೆತನಗಳ ಸಂಸ್ಥಾನಗಳ ಹಳ್ಳಿಗಳು ಹೊಲದಲ್ಲಿಯ ತುಂಡುಗಳಂತೆ ಹರಡಿಕೊಂಡಿದ್ದವು. ಒಂದು ಹಳ್ಳಿಯಲ್ಲಿ ಒಂದು ಕಟ್ಟಳೆ, ಹಳ್ಳ ದಾಟಿದರೆ ಇನ್ನೊಂದು. ೧೯೪೮ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ನೆಯ ನವಂಬರ ೧ರಂದು ಬೆಳಗಾವಿ ಜಿಲ್ಹೆಯು ಮೈಸೂರು ರಾಜ್ಯವನ್ನು ಸೇರಿತು. ಲಾಯಸೆನ್ಸಿನ ಪುಸ್ತಕವು ಮಾತ್ರ ಬದಲಾಗಲಿಲ್ಲ. ಅದನ್ನು ಕೊಡುತ್ತಿದ್ದದ್ದು ಟಪಾಲು ಕಚೇರಿ. ಪ್ರತಿ ವರ್ಷವೂ ಅಲ್ಲಿಗೆ ಹೋಗಿ ಹಣ ಕಟ್ಟಿ ಮುದ್ರೆ ಹಾಕಿಸಿಕೊಂಡು ಬರುವದು ರೇಡಿಯೋ ಇದ್ದ ಮನೆಯ ಯಜಮಾನನ ಕರ್ತವ್ಯಗಳಲ್ಲಿ ಒಂದಾಗಿದ್ದಿತು.

ಕನ್ನಡಿಗರು ಈ ಕಾಲದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವ್ಹಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಬಿತ್ತರಿಸಿ ಅದಕ್ಕೆ ಆಕಾಶವಾಣಿಯೆಂದು ಕರೆದರು. ಆ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಸಂದಿತು. ಧಾರವಾಡದ ಕೇಂದ್ರವು ೧೯೫೦ನೆಯ ಜನವರಿ ೮ರಂದು ಆರಂಭವಾದಾಗ ಮುಂಬಯಿ ಕರ್ನಾಟಕಕ್ಕೆ ತನ್ನದೇ ಆದ ಧ್ವನಿ ದೊರೆತಂತಾಯಿತು. ಮಧ್ಯಮ ತರಂಗವು ನೆಲಕ್ಕೆ ಅಂಟಿಕೊಂಡು ಬಹುದೂರ ಹೋಗಬಲ್ಲದ್ದಾದ್ದರಿಂದ ಧಾರವಾಡದ ಮಾತು ಕೃಷ್ಣೆಯ ದಂಡೆಗೂ ಬಂದು ತಲಪಿತು. ಬಾನುಲಿಯ ಈ ಗುಣವು ದೂರದರ್ಶನಕ್ಕಿಲ್ಲ. ಗಡಿನಾಡಿನ ತೊಡಕೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಚಿತ್ರವನ್ನು ಹೊತ್ತ ತರಂಗವು ಬೆಳಕಿನಂತೆ ನೆಟ್ಟಗೆ ಹೋಗುವದು; ಭೂಮಿಯ ಬಾಗಿನಿಂದ ಮರೆಯಾದ ಊರಿಗೆ ಅದು ಮುಟ್ಟದು. ನೂರು ಮೀಟರು ಎತ್ತರದ ಗೋಪುರದಿಂದ ಹೊರಟ ತರಂಗಕ್ಕೆ ಸಮಭೂಮಿಯಲ್ಲಿ ಸುಮಾರು ೪೦ ಕಿಲೋಮೀಟರು ಮಿತಿ. ಅದನ್ನು ಹಿಡಿಯುವ ಯಂತ್ರವೂ ಕಳಿಸುವ ಯಂತ್ರವೂ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಬಾನುಲಿಯಲ್ಲಿ ಸ್ವಲ್ಪ ಏರುಪೇರಾದರೂ ಕಿವಿಯು ಸರಿಪಡಿಸಿಕೊಳ್ಳುತ್ತದೆ; ಚಿತ್ರದಲ್ಲಿ ಹಾಗಾಗದು. ಚಿತ್ರವನ್ನು ಎಷ್ಟು ಗೆರೆಗಳಾಗಿ ಸೀಳಬೇಕು, ಒಂದು ಕ್ಷಣಕ್ಕೆ ಎಷ್ಟು ಚಿತ್ರ, ಧ್ವನಿಯು ಚಿತ್ರದಿಂದ ಎಷ್ಟು ಕಂಪನಗಳ ಅಂತರದಲ್ಲಿರಬೇಕು ಎಂಬದನ್ನು ಮೊದಲೇ ಗೊತ್ತುಮಾಡದಿದ್ದರೆ ಪೆಟ್ಟಿಗೆಯು ಬರಿಯ ಗಾಜು. ಆದಕಾರಣ ದೂರದರ್ಶನದಲ್ಲಿ ಸರಕಾರವು ಹೇರಿದ ಅಳತೆಯನ್ನು ಅಧಿಕಾರದ ದರ್ಪವೆಂದು ತಿಳಿಯುವದು ತಪ್ಪು. ಸೇರು-ಪಾವುಗಳಿಲ್ಲದೆ ಸಂತೆ ನಡೆಯದಂತೆ ಅದು ಇಲ್ಲದೆ ಈ ವಿದ್ಯೆಯೇ ನಡೆಯದು.

ಹಿಂದುಸ್ಥಾನವು ಈ ಕ್ಷೇತ್ರಕ್ಕೆ ತಡವಾಗಿ ಬಂದಿತು. ತಡವಾದದ್ದರಿಂದ ಲಾಭವೂ ಆಯಿತು. ಇಂಗ್ಲಂಡವು ೧೯೩೬ರಲ್ಲಿ ೪೦೫ ಗೆರೆಗಳ ಅಳತೆಯನ್ನು ಹಿಡಿದು, ಮುಂದೆ ೧೯೬೪ರಲ್ಲಿ ೬೨೫ ಗೆರೆಗಳದನ್ನು ತಂದಾಗ ಹಳೆಯದನ್ನು ಒಮ್ಮೆಲೇ ಬಿಡಲಾರದೆ ೧೯೮೫ರವರೆಗೆ ಎರಡನ್ನೂ ಸಾಕಬೇಕಾಯಿತು. ಜನರು ಎರಡೂ ಅಳತೆಯನ್ನು ಬಲ್ಲ ದುಬಾರಿ ಪೆಟ್ಟಿಗೆಗಳನ್ನು ಕೊಂಡರು. ದಿಲ್ಲಿಯಲ್ಲಿ ೧೯೫೯ನೆಯ ಸೆಪ್ಟೆಂಬರ ೧೫ರಂದು ಯುನೆಸ್ಕೋದ ನೆರವಿನಿಂದ ಪ್ರಯೋಗಕ್ಕಾಗಿ ದೂರದರ್ಶನವು ಆರಂಭವಾದಾಗ ಆರಿಸಿಕೊಂಡದ್ದು ಯುರೋಪ ಖಂಡದಲ್ಲಿ ನೆಲೆಗೊಂಡಿದ್ದ ೬೨೫ ಗೆರೆಗಳ ಪದ್ಧತಿ. ಒಂದು ಸೆಕೆಂಡಿಗೆ ೨೫ ಚಿತ್ರ, ಪ್ರತಿಯೊಂದೂ ಎರಡು ಅರೆಗಳಾಗಿ, ಅಂದರೆ ೫೦ ಸಲ. ಈ ಐವತ್ತೆಂಬ ಸಂಖ್ಯೆಯು ನಮ್ಮ ದೀಪದ ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಕಂಪನಸಂಖ್ಯೆಯೇ ಆಗಿದೆ. ಎರಡೂ ಸಮವಾಗಿದ್ದರೆ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯು ಚಿತ್ರದ ಮೇಲೆ ಅಲೆಯಾಗಿ ಹರಿದಾಡದೆ ಒಂದೆಡೆ ನಿಲ್ಲುತ್ತದೆ. ವಿದ್ಯುತ್ತು ೬೦ ಕಂಪನಗಳದಾದ ಅಮೇರಿಕೆಯಲ್ಲಿ ಗೆರೆಗಳು ೫೨೫ ಆದದ್ದೂ ಇಂಥದೇ ಲೆಕ್ಕದಿಂದ. ಪ್ರತಿಯೊಂದು ಕೇಂದ್ರಕ್ಕೂ ೭ ಮೆಗಾಹರ್ಟ್ಸ ಅಗಲದ ದಾರಿ. ಚಿತ್ರದಿಂದ ಧ್ವನಿಗೆ ೫.೫ ಮೆಗಾಹರ್ಟ್ಸ ಅಂತರ. ಇಷ್ಟನ್ನು ಒಮ್ಮೆ ಗೊತ್ತುಮಾಡಿದ್ದು ಅರುವತ್ತು ವರ್ಷಗಳಿಗೂ ಮೀರಿ ಬಾಳಿತೆಂಬದು ಯಂತ್ರಗಳ ಇತಿಹಾಸದಲ್ಲಿ ಅಪೂರ್ವ.

ಪೆಟ್ಟಿಗೆಯನ್ನು ಕಟ್ಟುವವರು ಯಾರೆಂಬದರಲ್ಲಿಯೂ ಸರಕಾರದ ಕೈಯಿತ್ತು. ಪಿಲಾನಿಯ ಕೇಂದ್ರೀಯ ಇಲೆಕ್ಟ್ರಾನಿಕ್ಸ ಸಂಶೋಧನ ಸಂಸ್ಥೆಯಲ್ಲಿ ಸ್ವದೇಶೀ ವಿನ್ಯಾಸವು ಸಿದ್ಧವಾಯಿತು. ೧೯೭೦ರಲ್ಲಿ ಇಲೆಕ್ಟ್ರಾನಿಕ್ಸಕ್ಕೆಂದೇ ಒಂದು ಇಲಾಖೆ ಹುಟ್ಟಿತು. ತಯಾರಿಕೆಗೆ ಪರವಾನಗಿ, ಬಿಡಿಭಾಗಗಳ ಆಮದಿಗೆ ಪರವಾನಗಿ. ಬೆಂಗಳೂರಿನ ಭಾರತ ಇಲೆಕ್ಟ್ರಾನಿಕ್ಸ ಕಾರಖಾನೆಯು ಕಪ್ಪು-ಬಿಳುಪು ಚಿತ್ರನಳಿಕೆಗಳನ್ನು ಮಾಡಹತ್ತಿತು. ೧೯೭೬ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯದ ಕಿಯೋನಿಕ್ಸ ಸಂಸ್ಥೆಯ ಹೆಸರಿನ ಪೆಟ್ಟಿಗೆಗಳನ್ನು ಹಿರಿಯರು ಇನ್ನೂ ನೆನೆಯುವರು. ಆದರೆ ಮುಂಬಯಿಯಲ್ಲಿ ೧೯೭೨ನೆಯ ಅಕ್ಟೋಬರ ೨ರಂದೂ, ಪುಣೆಯಲ್ಲಿ ಮರುವರ್ಷವೂ ದೂರದರ್ಶನವು ಕಾಣಿಸಿಕೊಂಡಾಗ ಕನ್ನಡನಾಡಿನಲ್ಲಿ ಒಂದೂ ಕೇಂದ್ರವಿರಲಿಲ್ಲ. ಕನ್ನಡನಾಡಿಗೆ ದೂರದರ್ಶನವು ಬಂದದ್ದು ನಗರದಿಂದಲ್ಲ, ಆಕಾಶದಿಂದ. ಅದೂ ಐನಾಪುರದ ನೆರೆಯ ಜಿಲ್ಹೆಗೆ.

ಅಮೇರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಾಗಿ ಪಡೆದು, ೧೯೭೫ನೆಯ ಆಗಸ್ಟ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ ಆರು ರಾಜ್ಯಗಳ ೨೪೦೦ ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಇದಕ್ಕೆ ಬೀಜ ಹಾಕಿದವರು ವಿಕ್ರಮ ಸಾರಾಭಾಯಿಯವರು, ಒಪ್ಪಂದವಾದದ್ದು ೧೯೬೯ರಲ್ಲಿ, ಫಲವನ್ನು ಕಾಣುವ ಮೊದಲೇ, ೧೯೭೧ರ ಕೊನೆಗೆ, ಅವರು ತೀರಿಕೊಂಡರು. ಕರ್ನಾಟಕದಲ್ಲಿ ಆಯ್ದುಕೊಂಡ ಜಿಲ್ಹೆಗಳು ಬಿಜಾಪುರ, ಕಲಬುರ್ಗಿ, ರಾಯಚೂರು. ಅಥಣಿ ತಾಲೂಕಿನ ಮೂಡಣ ಮೇರೆಯನ್ನು ದಾಟಿದರೆ ಬಿಜಾಪುರ ಜಿಲ್ಹೆ. ಆ ಮೇರೆಯ ಆಚೆಗೆ ಉಪಗ್ರಹದ ಚಿತ್ರ, ಈಚೆಗೆ ಏನೂ ಇಲ್ಲ.

ಈ ಪ್ರಯೋಗದ ಗ್ರಾಹಕ ಯಂತ್ರವು ವಿಶೇಷವಾಗಿ ಗಮನಿಸತಕ್ಕದ್ದು. ನಗರದ ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗೆ ಉಪಗ್ರಹದ ೮೬೦ ಮೆಗಾಹರ್ಟ್ಸಿನ ತರಂಗವು ತಿಳಿಯದು. ಆದ್ದರಿಂದ ಕೋಳಿಯ ಬಲೆಯಂಥ ತಂತಿಜಾಳಿಗೆಯಿಂದ ಹೆಣೆದ ಸುಮಾರು ಮೂರು ಮೀಟರು ಅಗಲದ ಬೋಗುಣಿಯನ್ನು ಪಂಚಾಯತಿಯ ಇಲ್ಲವೆ ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ಅದು ಹಿಡಿದ ತರಂಗವನ್ನು ಪೆಟ್ಟಿಗೆಗೆ ಅರ್ಥವಾಗುವಂತೆ ಮಾರ್ಪಡಿಸುವ ಉಪಕರಣವನ್ನು ಜೋಡಿಸಿದರು. ಅಹಮ್ಮದಾಬಾದಿನ ವಿಜ್ಞಾನಿಗಳ ವಿನ್ಯಾಸ, ಹೈದರಾಬಾದಿನ ಇಲೆಕ್ಟ್ರಾನಿಕ್ಸ ಕಾರ್ಪೊರೇಶನ್ನಿನ ತಯಾರಿಕೆ. ಧೂಳು, ಬಿಸಿಲು, ಏರಿಳಿಯುವ ವಿದ್ಯುತ್ತು ಇವನ್ನೆಲ್ಲ ತಾಳಿಕೊಳ್ಳುವಂತೆ ಅದನ್ನು ಕಟ್ಟಲಾಗಿದ್ದಿತು. ಇಲ್ಲಿ ಸರಕಾರವು ಅಳತೆಯನ್ನು ಕಾಗದದ ಮೇಲೆ ಬರೆದು ತಯಾರಕರಿಗೆ ಕಳಿಸಲಿಲ್ಲ. ಹಳ್ಳಿಗೆ ಬೇಕಾದದ್ದು ಏನೆಂದು ಮೊದಲು ವಿಚಾರಿಸಿ ಅದಕ್ಕೆ ತಕ್ಕಂತೆ ಪೆಟ್ಟಿಗೆಯನ್ನು ಮಾಡಿಸಿತು. ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲವೂ ಇದ್ದದ್ದರಿಂದ ಒಂದೇ ಚಿತ್ರಕ್ಕೆ ತೆಲುಗು, ಕನ್ನಡ ಎರಡೂ ಮಾತುಗಳನ್ನು ಕೂಡಿಸುವದು ಸಾಧ್ಯವಾಯಿತು. ಆಮೇಲಿನ ಐವತ್ತು ವರ್ಷಗಳಲ್ಲಿ ಈ ದೇಶದಲ್ಲಿ ಬಂದ ಯಾವ ಅಳತೆಯಲ್ಲಿಯೂ ಹಳ್ಳಿಯವನ ನುಡಿಯ ಬಗ್ಗೆ ಯಂತ್ರದ ಒಳಗೇ ಇಷ್ಟು ಆಸ್ಥೆಯಿಂದ ಸ್ಥಳ ಮಾಡಿದ್ದು ಕಾಣುವದಿಲ್ಲ.

ವರ್ಷ ಮುಗಿಯಿತು, ಎರವಿನ ಉಪಗ್ರಹವು ಹಿಂತಿರುಗಿತು. ೧೯೭೭ರಲ್ಲಿ ಕಲಬುರ್ಗಿಯಲ್ಲಿ ಕೇಂದ್ರವಾದಾಗ ಅದರ ಅಳವಿನೊಳಗಿನ ಹಳ್ಳಿಗಳಿಗೆ ಚಿತ್ರವು ಮರಳಿ ಬಂದಿತು. ಅಳವಿನ ಹೊರಗೆ ಉಳಿದ ಬೋಗುಣಿಗಳಿಗೆ ನೋಡಲು ಆಕಾಶದಲ್ಲಿ ಏನೂ ಉಳಿಯಲಿಲ್ಲ. ಯಂತ್ರವು ಕೆಟ್ಟಿರಲಿಲ್ಲ, ಕಳಿಸುವವನು ಹೊರಟುಹೋಗಿದ್ದನು.

ಬೆಂಗಳೂರಿನ ಕೇಂದ್ರವು ೧೯೮೧ನೆಯ ನವಂಬರ ೧ರಂದು ಆರಂಭವಾಯಿತು. ಮರುವರ್ಷವೇ ಬಣ್ಣ. ೧೯೮೨ನೆಯ ಆಗಸ್ಟ ೧೫ರ ಸ್ವಾತಂತ್ರ್ಯೋತ್ಸವವೂ, ನವಂಬರ ೧೯ರಿಂದ ದಿಲ್ಲಿಯಲ್ಲಿ ನಡೆದ ಏಶಿಯದ ಕ್ರೀಡೆಗಳೂ ಬಣ್ಣದಲ್ಲಿ ಬಿತ್ತರವಾದವು. ಅಮೇರಿಕದ್ದೊಂದು, ಫ್ರಾನ್ಸಿನದೊಂದು, ಜರ್ಮನಿಯಲ್ಲಿ ಹುಟ್ಟಿದ ಪಾಲ್ ಎಂಬದೊಂದು, ಹೀಗೆ ಬಣ್ಣಕ್ಕೆ ಮೂರು ಪದ್ಧತಿಗಳು ಜಗತ್ತಿನಲ್ಲಿದ್ದವು; ಸರಕಾರವು ಪಾಲ್ ಪದ್ಧತಿಯನ್ನು ಆರಿಸಿತು. ಇದರ ಹಿರಿಮೆಯನ್ನು ಬಣ್ಣದ ಪೆಟ್ಟಿಗೆ ಕೊಂಡವರು ಕೊಂಡಾಡಿದ್ದು ಸಹಜ. ಅದನ್ನು ಕೊಳ್ಳಲಾರದವರಿಗೆ ಆದ ಉಪಕಾರವೇ ಹೆಚ್ಚಿನದು. ೬೨೫ ಗೆರೆಗಳ ಹಳೆಯ ಚಿತ್ರದ ಮೈಗೆ ಧಕ್ಕೆ ಬಾರದಂತೆ ಬಣ್ಣದ ಸುದ್ದಿಯನ್ನು ಅದರ ಸಂದಿನಲ್ಲಿ ಸೇರಿಸುವದು ಪಾಲ್‌ನ ಉಪಾಯ. ಕಪ್ಪು-ಬಿಳುಪು ಪೆಟ್ಟಿಗೆಯು ಬಣ್ಣವನ್ನು ಲಕ್ಷಿಸದೆ ತನ್ನ ಪಾಲಿನ ಚಿತ್ರವನ್ನು ಎಂದಿನಂತೆ ತೋರಿಸುತ್ತದೆ. ಹೀಗಾಗಿ ಬಣ್ಣವು ಬಂದ ದಿನ ದೇಶದಲ್ಲಿ ಒಂದು ಪೆಟ್ಟಿಗೆಯೂ ಮೂಲೆಗೆ ಬೀಳಲಿಲ್ಲ. ಅಳತೆಯನ್ನು ಬದಲಿಸಿದರೂ ಬಡವನ ಕಿಸೆಗೆ ಕೈ ಹಾಕದ ಈ ಕ್ರಮವನ್ನು ಮುಂದಿನ ಬದಲಾವಣೆಗಳೊಡನೆ ಹೋಲಿಸಿ ನೋಡಬೇಕು.

೧೯೮೪ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ದೇಶದಲ್ಲಿ ಸಣ್ಣ ಪ್ರೇಷಕಗಳು ಏಳಹತ್ತಿದವು. ಬಹುತೇಕ ನೂರು ವ್ಯಾಟಿನವು; ಊರು ಮತ್ತು ಅದರ ಸುತ್ತಣ ಹತ್ತಿಪ್ಪತ್ತು ಕಿಲೋಮೀಟರು ಅವುಗಳ ಅಳವು. ಉಪಗ್ರಹದಿಂದ ಇಳಿದ ದಿಲ್ಲಿಯ ಕಾರ್ಯಕ್ರಮವನ್ನು ಮರಳಿ ಬಿತ್ತುವದು ಅವುಗಳ ಮುಖ್ಯ ಕೆಲಸ. ಪಟ್ಟಣದ ಗೋಪುರದಿಂದ ದೂರವಿದ್ದ ಊರುಗಳವರು ಮನೆಯ ಮಾಳಿಗೆಯ ಮೇಲೆ ಎತ್ತರದ ಕೊಳವೆ ನೆಟ್ಟು, ಅದರ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿ, ಒಬ್ಬನು ಮೇಲೆ ನಿಂತು ತಿರುಗಿಸುವದೂ ಒಳಗಿನವರು "ಬಂತು, ಬಂತು, ಹೋತು" ಎಂದು ಕೂಗುವದೂ ಉತ್ತರ ಕರ್ನಾಟಕದಲ್ಲೆಲ್ಲ ಕಾಣುತ್ತಿದ್ದ ದೃಶ್ಯ. ಗಡಿಯ ಊರುಗಳಲ್ಲಿ ಆ ಆಂಟೆನಾದ ಮುಖವು ರಾಜ್ಯವನ್ನು ನೋಡುತ್ತಿರಲಿಲ್ಲ; ಯಾವ ಗೋಪುರವು ಸಮೀಪವೋ ಅದನ್ನು ನೋಡುತ್ತಿದ್ದಿತು. ಸಿಕ್ಕ ಚಿತ್ರದಲ್ಲಿ ಹೆಚ್ಚಿನದು ಹಿಂದಿಯದು. ಶಂಕರ ನಾಗರು ಮಲೆನಾಡಿನ ಆಗುಂಬೆಯಲ್ಲಿ, ಕನ್ನಡದ ನಟರನ್ನೇ ಬಹುವಾಗಿ ಕೂಡಿಸಿಕೊಂಡು ಚಿತ್ರಿಸಿದ ಮಾಲ್ಗುಡಿಯ ಕಥೆಗಳು ಸಹ ಕನ್ನಡಿಗರ ಮನೆಗೆ ಬಂದದ್ದು ಹಿಂದಿಯಲ್ಲಿ. ೧೯೮೭ರ ಜನವರಿಯಿಂದ ರವಿವಾರದ ಮುಂಜಾನೆ ರಾಮಾಯಣವು ಬರಹತ್ತಿದ ಮೇಲಂತೂ ಪೆಟ್ಟಿಗೆಯಿದ್ದ ಮನೆಯು ಓಣಿಗೆಲ್ಲ ದೇವಸ್ಥಾನವಾಯಿತು.

ಅಷ್ಟರಲ್ಲಿ ಲಾಯಸೆನ್ಸಿನ ಕಾಲವು ಮುಗಿದಿದ್ದಿತು. ವಸೂಲಿಯ ವೆಚ್ಚ ಮತ್ತು ಜನರ ತೊಂದರೆ ಇವನ್ನು ನೋಡಿ ಸರಕಾರವು ೧೯೮೦ರ ದಶಕದ ಮಧ್ಯದಲ್ಲಿ ರೇಡಿಯೋ-ಟೀವ್ಹಿಗಳ ಪರವಾನಗಿ ಶುಲ್ಕವನ್ನು ತೆಗೆದುಹಾಕಿತು. ಕಾಯದೆಯು ಪುಸ್ತಕದಲ್ಲಿ ಇದ್ದೇ ಇದ್ದಿತು; ಅದರ ಜಾಗದಲ್ಲಿ ಹೊಸ ದೂರಸಂಪರ್ಕ ಕಾಯದೆಯನ್ನು ಸಂಸತ್ತು ಅಂಗೀಕರಿಸಿದ್ದು ೨೦೨೩ರಲ್ಲಿ.

ಬಳಿಕ ಬಂದದ್ದು ಕೇಬಲ್ಲು. ೧೯೯೧ರಿಂದ ಪರದೇಶದ ಉಪಗ್ರಹಗಳ ವಾಹಿನಿಗಳೂ, ೧೯೯೨ರಲ್ಲಿ ಹಿಂದಿಯ 'ಝೀ'ಯೂ, ೧೯೯೪ರಲ್ಲಿ ಕನ್ನಡದ 'ಉದಯ'ವೂ ಕಾಣಿಸಿಕೊಂಡವು. ಊರಿನ ಒಬ್ಬನು ದೊಡ್ಡ ಡಿಶ್ಶನ್ನು ನಿಲ್ಲಿಸಿ, ಕಂಬದಿಂದ ಕಂಬಕ್ಕೆ, ಗಿಡದಿಂದ ಗಿಡಕ್ಕೆ ತಂತಿ ಎಳೆದು, ಮನೆಮನೆಗೆ ಚಿತ್ರವನ್ನು ಮಾರಹತ್ತಿದನು. ಇಲ್ಲಿ ಒಂದು ತೊಡಕು. ಹಳೆಯ ಪೆಟ್ಟಿಗೆಯ ಗುಂಡಿಯನ್ನು ಕಟಕಟ ತಿರುವಿದರೆ ಹತ್ತುಹನ್ನೆರಡು ಸ್ಥಾನಗಳು. ದೂರದರ್ಶನ ಸಂಸ್ಥೆಯ ಗೋಪುರಗಳಿಗೆ ಅಷ್ಟು ಸಾಕಾಗಿದ್ದಿತು. ಕೇಬಲ್ಲಿನವನ ತಂತಿಯಲ್ಲಿ ವಾಹಿನಿಗಳು ಹೆಚ್ಚಿದಂತೆ ಅವನು ಹಳೆಯ ಪಟ್ಟಿಗಳ ನಡುವೆಯೂ ಮೇಲೆಯೂ ಇರುವ ಕಂಪನಗಳನ್ನು ಬಳಸತೊಡಗಿದನು. ಹೊಸ ಪೆಟ್ಟಿಗೆಗಳು ಅವನ್ನು ಹಿಡಿದವು, ಹಳೆಯವು ಹಿಡಿಯಲಿಲ್ಲ. ಬಣ್ಣವು ಮಾಡದ ಭೇದವನ್ನು ತಂತಿಯು ಮಾಡಿತು. ಒಂದೇ ಹಣವನ್ನು ತೆತ್ತ ಎರಡು ಮನೆಗಳಲ್ಲಿ ಒಂದಕ್ಕೆ ಐವತ್ತು ವಾಹಿನಿ, ಇನ್ನೊಂದಕ್ಕೆ ಹನ್ನೆರಡು.

ಹಳೆಯ ಪೆಟ್ಟಿಗೆಗೆ ಸಿಗತಕ್ಕ ಆ ಹನ್ನೆರಡು ಯಾವವಾಗಿರಬೇಕು? ೧೯೯೫ರ ಕೇಬಲ್ ಟೆಲಿವಿಜನ್ ಜಾಲಗಳ ಕಾಯದೆಯ ಎರಡು ಕಲಮುಗಳು ಇಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದವು. ಒಂಬತ್ತನೆಯ ಕಲಮು ಕೇಬಲ್ಲಿನವರು ಬಳಸುವ ಉಪಕರಣಗಳು ಭಾರತೀಯ ಮಾನಕಗಳಿಗೆ ಸರಿಹೊಂದಿರಬೇಕೆಂದು ವಿಧಿಸಿತು. ಎಂಟನೆಯ ಕಲಮಿಗೆ ೨೦೦೦ದಲ್ಲಿ ಆದ ತಿದ್ದುಪಡಿಯು ಇನ್ನೂ ಸೂಕ್ಷ್ಮವಾದದ್ದು: ದೂರದರ್ಶನ ಸಂಸ್ಥೆಯ ಕನಿಷ್ಠ ಎರಡು ವಾಹಿನಿಗಳನ್ನೂ, ಒಂದು ರಾಜ್ಯದ ಪ್ರಾದೇಶಿಕ ಭಾಷೆಯ ಒಂದು ವಾಹಿನಿಯನ್ನೂ 'ಪ್ರಧಾನ ಪಟ್ಟಿ'ಯಲ್ಲಿಯೇ ತೋರಿಸಬೇಕು. ಪ್ರಧಾನ ಪಟ್ಟಿಯೆಂದರೆ ಹಳೆಯ ಪೆಟ್ಟಿಗೆಯೂ ಹಿಡಿಯಬಲ್ಲ ಕಂಪನಗಳ ಪಟ್ಟಿ. ಶಾಸನಕಾರರು ನೇರವಾಗಿ ಹೇಳದಿದ್ದರೂ ಅದರ ಫಲವು ಸ್ಪಷ್ಟ: ಮನೆಯಲ್ಲಿರುವದು ಎಷ್ಟೇ ಹಳೆಯ ಯಂತ್ರವಾಗಿರಲಿ, ನಾಡನುಡಿಯು ಅದಕ್ಕೆ ಎಟುಕಬೇಕು. ನುಡಿಯ ಹಕ್ಕನ್ನು ಭಾಷಣದಲ್ಲಿ ಸಾರುವವರು ಅನೇಕರು. ಅದನ್ನು ಕಂಪನಗಳ ಪಟ್ಟಿಯಲ್ಲಿ ಬರೆದಿಟ್ಟದ್ದು ಈ ಸಣ್ಣ ವಾಕ್ಯ.

ಆದರೆ 'ಒಂದು ರಾಜ್ಯದ' ಎಂಬ ಮಾತು ಗಡಿಯಲ್ಲಿ ತೊದಲುತ್ತದೆ. ಐನಾಪುರದವನಿಗೆ ಅದರ ಅರ್ಥ ಕನ್ನಡ. ಕೆಲವೇ ಹರದಾರಿ ಆಚೆಗೆ, ಸಾಂಗ್ಲಿ ಜಿಲ್ಹೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಅದೇ ಮಾತಿನ ಅರ್ಥ ಮರಾಠಿ. ಸೋಲಾಪುರ ಜಿಲ್ಹೆಯ ಅಕ್ಕಲಕೋಟೆಯ ಕನ್ನಡಿಗರಿಗೂ, ಕಾಸರಗೋಡಿನವರಿಗೂ ಇದೇ ಗತಿ. ನಿಪ್ಪಾಣಿಯ ಮರಾಠಿ ಮನೆಗೆ ತಿರುಗುಮುರುಗಾಗಿ ಇದೇ ಗತಿ. ಕಾಯದೆಯು ಮನೆಯ ನುಡಿಯನ್ನು ಕೇಳಲಿಲ್ಲ, ರಾಜ್ಯದ ನುಡಿಯನ್ನು ಕೇಳಿತು. ಕೇಬಲ್ಲಿನವನು ತನ್ನ ಗಿರಾಕಿಗಳನ್ನು ಬಲ್ಲವನಾದರೆ ಎರಡನ್ನೂ ಕೊಟ್ಟನು. ಅದು ಅವನ ವ್ಯಾಪಾರಬುದ್ಧಿಗೆ ಸಂದ ಸಂಗತಿ, ಕಾಯದೆಗೆ ಸಂದದ್ದಲ್ಲ.

೨೦೧೧ರ ತಿದ್ದುಪಡಿಯ ಮೇರೆಗೆ ಕೇಬಲ್ಲಿನ ಹಳೆಯ ಪದ್ಧತಿಯನ್ನು ತೆಗೆದು ಅಂಕಪದ್ಧತಿಯನ್ನು ತರುವ ಕೆಲಸವು ಹಂತಹಂತವಾಗಿ ನಡೆಯಿತು. ಮಹಾನಗರಗಳಿಗೆ ೨೦೧೨ರ ಅಕ್ಟೋಬರ ಕೊನೆ, ಬೆಂಗಳೂರು-ಮೈಸೂರು ಸೇರಿ ೩೮ ನಗರಗಳಿಗೆ ೨೦೧೩ರ ಮಾರ್ಚ ಕೊನೆ, ಉಳಿದ ಪಟ್ಟಣಗಳಿಗೆ ೨೦೧೫ರ ಕೊನೆ. ಹಳ್ಳಿಗಳಿಗೆ ೨೦೧೬ರ ಕೊನೆಯೆಂದು ಗೊತ್ತುಮಾಡಿ ಮುಂದೆ ೨೦೧೭ರ ಮಾರ್ಚ ೩೧ಕ್ಕೆ ಮುಂದೂಡಲಾಯಿತು. ಚಿತ್ರವು ಸ್ವಚ್ಛವಾಯಿತು, ವಾಹಿನಿಗಳು ನೂರಾರಾದವು, ಲೆಕ್ಕವು ಬಯಲಾಯಿತು: ಇವೆಲ್ಲ ನಿಜ. ಆದರೆ ಪಾಲ್ ಬಣ್ಣದಂತೆ ಈ ಅಳತೆಯು ಹಳೆಯದರೊಡನೆ ಹೊಂದಿಕೊಂಡು ಹೋಗುವದಲ್ಲ. ಪ್ರತಿ ಪೆಟ್ಟಿಗೆಗೂ ಒಂದೊಂದು ಸೆಟ್-ಟಾಪ್ ಬಾಕ್ಸು ಬೇಕು. ಅದಿಲ್ಲದ ಪೆಟ್ಟಿಗೆಯಲ್ಲಿ ನೊಣ ಹಾರಾಡುವ ಬಿಳಿಯ ತೆರೆ. ವೆಚ್ಚವು ಮನೆಯವರ ಮೇಲೆ ಬಿದ್ದಿತು. ಅದಕ್ಕೂ ಮಿಗಿಲಾದ ದೋಷವೆಂದರೆ ಒಬ್ಬನ ಬಾಕ್ಸು ಇನ್ನೊಬ್ಬನ ತಂತಿಗೆ ಹೊಂದದು. ಮನೆಗೆ ನೇರವಾಗಿ ಉಪಗ್ರಹದಿಂದ ಚಿತ್ರ ಕೊಡುವ ಕಂಪನಿಗಳ ಬಾಕ್ಸುಗಳು ಎಲ್ಲರಿಗೂ ಹೊಂದುವಂತಿರಬೇಕೆಂದು ೨೦೦೧ರ ಪರವಾನಗಿಯ ಕರಾರುಗಳಲ್ಲಿಯೇ ಬರೆದಿದ್ದರೂ ಬಳಕೆಯಲ್ಲಿ ಅದು ಸಿದ್ಧಿಸಲಿಲ್ಲ. ೨೦೨೦ರ ಏಪ್ರಿಲದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಎಲ್ಲ ಬಾಕ್ಸುಗಳೂ ಪರಸ್ಪರ ಹೊಂದುವಂತಾಗಬೇಕೆಂದು ಮತ್ತೆ ಶಿಫಾರಸು ಮಾಡಿತು. ಇಪ್ಪತ್ತು ವರ್ಷಗಳ ಹಿಂದಿನ ಕರಾರನ್ನು ಶಿಫಾರಸಿನ ರೂಪದಲ್ಲಿ ಪುನಃ ಹೇಳಬೇಕಾಗಿ ಬಂದದ್ದು ಆಡಳಿತಕ್ಕೆ ಭೂಷಣವಲ್ಲ.

ಪೆಟ್ಟಿಗೆಯ ಸುರಕ್ಷತೆಯ ಮಾತನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು. ಹಳೆಯ ಚಿತ್ರನಳಿಕೆಯೊಳಗೆ ಹತ್ತಿಪ್ಪತ್ತು ಸಾವಿರ ವ್ಹೋಲ್ಟಿನ ಒತ್ತಡವಿರುತ್ತಿದ್ದಿತು. ಒಳಗೆ ಗಾಳಿಯಿಲ್ಲದ ಆ ಗಾಜು ಒಡೆದರೆ ಅಪಾಯ. ೧೯೪೭ರ ಜನವರಿಯಲ್ಲಿ ಸ್ಥಾಪಿತವಾಗಿ ೧೯೮೭ರಲ್ಲಿ ಭಾರತೀಯ ಮಾನಕ ಬ್ಯೂರೋ ಎಂದು ಮಾರ್ಪಟ್ಟ ಸಂಸ್ಥೆಯು ಇಂಥ ಯಂತ್ರಗಳಿಗೆ ಐ.ಎಸ್. ೬೧೬ ಎಂಬ ಸುರಕ್ಷತೆಯ ಮಾನಕವನ್ನು ಬರೆದಿದ್ದಿತು. ಅದನ್ನು ಪಾಲಿಸಲೇಬೇಕೆಂಬ ನಿರ್ಬಂಧವು ಬಂದದ್ದು ೨೦೧೨ರ ಕಡ್ಡಾಯ ನೋಂದಣಿಯ ಆಜ್ಞೆಯಿಂದ. ಮೊದಲಿಗೆ ೩೨ ಇಂಚು ಮತ್ತು ಅದಕ್ಕೆ ಮೇಲ್ಪಟ್ಟ ತೆಳುತೆರೆಯ ಟೀವ್ಹಿಗಳಿಗೆ ಅನ್ವಯಿಸಿ, ಮುಂದೆ ಚಿಕ್ಕ ತೆರೆಗಳಿಗೂ ವಿಸ್ತರಿಸಿತು. ಚಿತ್ರನಳಿಕೆಗಳು ಅಂಗಡಿಯಿಂದ ಬಹುಮಟ್ಟಿಗೆ ಮಾಯವಾಗುತ್ತಿದ್ದ ಕಾಲಕ್ಕೆ ನಿರ್ಬಂಧವು ಬಂದಿತೆಂಬದು ವಿನೋದ. ೨೦೨೦ರ ಜುಲೈ ಕೊನೆಗೆ ಬಣ್ಣದ ಟೀವ್ಹಿಗಳ ಆಮದಿಗೆ ಮತ್ತೆ ಪರವಾನಗಿ ಬೇಕೆಂದಾಯಿತು. ಟಪಾಲು ಕಚೇರಿಯಿಂದ ಹೊರಬಿದ್ದ ಲಾಯಸೆನ್ಸು ಬಂದರಿನಲ್ಲಿ ಮರಳಿ ಕಾಣಿಸಿತು.

ಗೋಪುರಗಳ ಕಥೆ ಬೇಗನೆ ಮುಗಿಯುತ್ತದೆ. ನೋಡುವವರು ಇಲ್ಲವಾದರೆಂದು ಹೇಳಿ ಪ್ರಸಾರ ಭಾರತಿಯು ತನ್ನ ಹಳೆಯ ಪದ್ಧತಿಯ ಭೂಪ್ರೇಷಕಗಳನ್ನು, ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು, ೨೦೨೨ನೆಯ ಮಾರ್ಚ ೩೧ರೊಳಗೆ ಮುಚ್ಚುವದೆಂದು ಗೊತ್ತುಮಾಡಿತು. ೧೯೫೯ರ ದಿಲ್ಲಿಯ ೬೨೫ ಗೆರೆಗಳ ಅಳತೆಯು ಅಲ್ಲಿಗೆ ಜನಸಾಮಾನ್ಯರ ಬಳಕೆಯಿಂದ ತಪ್ಪಿತು. ಮಾಳಿಗೆಯ ಮೇಲಣ ಮೀನುಮುಳ್ಳುಗಳು ಬಟ್ಟೆ ಒಣಗಿಸುವದಕ್ಕೆ ಉಳಿದವು.

ಹಣ ತೆರದೆ ನೋಡಬೇಕೆನ್ನುವವರಿಗೆ ಉಳಿದ ದಾರಿಯು ೨೦೦೪ನೆಯ ಡಿಸೆಂಬರದಲ್ಲಿ ೩೩ ವಾಹಿನಿಗಳೊಡನೆ ಆರಂಭವಾಗಿ, ಈಗ ಡಿ.ಡಿ. ಫ್ರೀ ಡಿಶ್ ಎಂದು ಕರೆಯಿಸಿಕೊಳ್ಳುವ ಉಪಗ್ರಹಸೇವೆ. ತಿಂಗಳ ಬಾಡಿಗೆಯಿಲ್ಲ, ಡಿಶ್ಶು ಮತ್ತು ಬಾಕ್ಸು ಕೊಂಡರೆ ತೀರಿತು. ದೂರದರ್ಶನ ಸಂಸ್ಥೆಯ ಕನ್ನಡದ 'ಚಂದನ'ವೂ ಮರಾಠಿಯ 'ಸಹ್ಯಾದ್ರಿ'ಯೂ ಅದರಲ್ಲಿವೆ. ಉಪಗ್ರಹಕ್ಕೆ ರಾಜ್ಯದ ಮೇರೆ ಗೊತ್ತಿಲ್ಲವಾದ್ದರಿಂದ ಜತ್ತದ ಕನ್ನಡಿಗನಿಗೂ ನಿಪ್ಪಾಣಿಯ ಮರಾಠಿಗನಿಗೂ ತಮ್ಮ ತಮ್ಮ ನುಡಿಯು ಒಂದೇ ಡಿಶ್ಶಿನಲ್ಲಿ ದೊರೆಯುವದು. ೧೯೭೫ರ ತಂತಿಜಾಳಿಗೆಯ ಬೋಗುಣಿಯು ಬಿಜಾಪುರದ ಹಳ್ಳಿಗಳಿಗೆ ಕೊಟ್ಟದ್ದನ್ನು ಅಥಣಿ-ಕಾಗವಾಡಗಳು ಈ ಬಗೆಯಾಗಿ ಪಡೆದವು. ಬೋಗುಣಿ ಈಗ ಒಂದು ಮೊರದಷ್ಟು.

ಉಳಿದದ್ದು ಆ ಬಾಕ್ಸು. ಅದನ್ನೂ ಪೆಟ್ಟಿಗೆಯ ಹೊಟ್ಟೆಯೊಳಗೇ ಅಡಗಿಸಬಹುದೆಂಬ ವಿಚಾರದಿಂದ ಮಾನಕ ಬ್ಯೂರೋವು ಉಪಗ್ರಹದ ಟ್ಯೂನರನ್ನು ಒಳಗೊಂಡ ಟೀವ್ಹಿಗಳಿಗೆ ಐ.ಎಸ್. ೧೮೧೧೨ ಎಂಬ ಮಾನಕವನ್ನು ೨೦೨೨ರಲ್ಲಿ ಸಿದ್ಧಪಡಿಸಿತು. ೨೦೨೩ರ ಜನವರಿಯಲ್ಲಿ ಸರಕಾರವು ಅದನ್ನು ಸಾರಿತು. ಅದಕ್ಕೆ ಸರಿಹೊಂದಿದ ಪೆಟ್ಟಿಗೆಗೆ ಮಾಳಿಗೆಯ ಡಿಶ್ಶಿನ ತಂತಿಯನ್ನು ನೇರವಾಗಿ ಸಿಕ್ಕಿಸಿದರೆ ಸಾಕು, ಉಚಿತ ವಾಹಿನಿಗಳೂ ಬಾನುಲಿಯೂ ಬರುವವು. ಇದು ೧೯೮೨ರ ಬಣ್ಣದ ನಂತರ ಬಂದ ಅಳತೆಗಳಲ್ಲಿ ಬಡ ಮನೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಬರೆದ ಮೊದಲನೆಯದೆಂದು ಹೇಳಿದರೆ ಸಲ್ಲುವದು. ಆದರೆ ಬರೆದ ಮಾನಕವು ತಯಾರಕನ ಇಚ್ಛೆಗೆ ಬಿಟ್ಟದ್ದು. ಸುರಕ್ಷತೆಯ ಮಾನಕದಂತೆ ಅದನ್ನು ಕಡ್ಡಾಯ ಮಾಡದೆ ಪ್ರಕಟಿಸಲಾಯಿತು. ಬಾಕ್ಸನ್ನೂ ಚಂದಾವನ್ನೂ ಮಾರಿ ಬದುಕುವ ವ್ಯಾಪಾರಿಗಳು ಇರುವವರೆಗೆ ಅಂಥ ಪೆಟ್ಟಿಗೆಗಳು ತಾವಾಗಿ ಅಂಗಡಿಯನ್ನು ತುಂಬಿಯಾವೆಂದು ನಂಬುವದು ಕಷ್ಟ. ಹೊಸ ಟೀವ್ಹಿ ಕೊಳ್ಳಲು ಅಥಣಿಗೋ ಮೀರಜಿಗೋ ಹೋದವರು ತೆರೆಯ ಅಗಲವನ್ನೂ ಬೆಲೆಯನ್ನೂ ವಿಚಾರಿಸುವಾಗ, ಬೆನ್ನಿನಲ್ಲಿ ಉಪಗ್ರಹದ ಟ್ಯೂನರು ಇದೆಯೇ, ಅದು ಈ ಮಾನಕದ ಮೇರೆಗೆ ಇದೆಯೇ ಎಂದು ಇನ್ನೊಂದು ಮಾತು ಕೇಳುವದು ಅವಶ್ಯ. ಇದ್ದರೆ ಮನೆಯ ಮೇಲಣ ಡಿಶ್ಶನ್ನು ಆಗ್ನೇಯಕ್ಕೆ ತಿರುವಿ ಕಟ್ಟಿಸಬೇಕಾದದ್ದಷ್ಟೇ ಉಳಿಯುತ್ತದೆ.